ತಂಗಳುಪೆಟ್ಟಿಗೆ

ಪಟ್ಟಣದ ಮನೆಗಳಿಗೆ ಫ್ರಿಜ್ಜು ಬಂದಮೇಲೆ ವಿನೋದಪ್ರಿಯರಾದ ಕನ್ನಡಿಗರು ಅದಕ್ಕೆ ‘ತಂಗಳುಪೆಟ್ಟಿಗೆ’ ಎಂದು ನಾಮಕರಣ ಮಾಡಿದರು. ಹೆಸರಿನಲ್ಲಿ ನಗೆಯೂ ಇತ್ತು, ನಗೆಯೊಳಗೊಂದು ಮುಳ್ಳೂ ಇತ್ತು. ನಿನ್ನೆಯ ಹುಳಿ, ಮೊನ್ನೆಯ ಪಲ್ಯ, ಯಾವಾಗಿನದೆಂದು ಯಾರಿಗೂ ನೆನಪಿಲ್ಲದ ಚಟ್ನಿ ಇವೆಲ್ಲ ಒಂದರ ಮೇಲೊಂದು ಏರಿ ಕುಳಿತಿರುವ ಪೆಟ್ಟಿಗೆಯನ್ನು ಮತ್ತೇನೆಂದು ಕರೆಯುವುದು? ಅದನ್ನೇ ‘ತಂಪುಪೆಟ್ಟಿಗೆ’ ಎಂದು ಗೌರವದಿಂದ ಕರೆಯುವವರೂ ಉಂಟು. ತಂಪು, ತಂಗಳು ಎಂಬ ಎರಡು ಮಾತುಗಳು ಕಿವಿಗೆ ಬಹು ಹತ್ತಿರ. ನಾಲಗೆಗೆ ಬಹು ದೂರ. ಇವೆರಡರಲ್ಲಿ ಯಾವ ಹೆಸರು ಸಲ್ಲಬೇಕೆಂಬುದು ಅದರ ಬಾಗಿಲನ್ನು ತೆರೆದು ಮುಚ್ಚುವ ಮನೆಯವರ ಕೈಯಲ್ಲಿದೆ.

ಆಹಾರವನ್ನು ಕೆಡದಂತೆ ಕಾಪಾಡಬೇಕೆಂಬ ಹಂಬಲ ಮನುಷ್ಯನಿಗೆ ಹೊಸದೇನೂ ಅಲ್ಲ. ಕನ್ನಡನಾಡಿನ ಹಳೆಯ ಅಡುಗೆಮನೆಯನ್ನು ನೆನೆದರೆ ಸಾಕು. ಗೋಡೆಯ ಉದ್ದಕ್ಕೂ ಚಾಚಿದ ನಾಗಂದಿಗೆ. ಅದರ ಮೇಲೆ ಉಪ್ಪಿನಕಾಯಿಯ ಭರಣಿಗಳೂ ಸಾರಿನ ಪುಡಿಯ ಡಬ್ಬಿಗಳೂ ಸಾಲಾಗಿ ಕುಳಿತಿರುತ್ತಿದ್ದವು. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಮೊಸರು, ಬೆಣ್ಣೆಗಳು ಬೆಕ್ಕಿಗೆ ಎಟುಕದಂತೆ ತೂಗುತ್ತಿದ್ದವು. ಧಾನ್ಯವು ಉಗ್ರಾಣದ ವಾಡೆಗಳಲ್ಲಿ, ಕಣಜಗಳಲ್ಲಿ, ನೆಲದೊಳಗಿನ ಹಗೇವಿನಲ್ಲಿ ವರ್ಷವಿಡೀ ಉಳಿಯುತ್ತಿತ್ತು. ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆ ಬಿರುಬೇಸಿಗೆಯಲ್ಲೂ ತಣ್ಣನೆಯ ನೀರು ಕೊಡುತ್ತಿತ್ತು. ಅಂದಿನ ಗೃಹಿಣಿಗೆ ಉಪ್ಪು, ಬಿಸಿಲು, ಎಣ್ಣೆ, ಹುಳಿ ಇವು ನಾಲ್ಕೇ ಕಾವಲುಗಾರರು. ಇವುಗಳ ಜೊತೆಗೆ ಐದನೆಯದೊಂದು ಇತ್ತು, ಅದು ಕ್ರಮ. ಪ್ರತಿಯೊಂದು ಪದಾರ್ಥಕ್ಕೂ ಗೊತ್ತಾದ ಜಾಗವಿದ್ದುದರಿಂದ ದೀಪವಿಲ್ಲದ ಹೊತ್ತಿನಲ್ಲೂ ಕೈ ತಾನಾಗಿಯೇ ಬೇಕಾದ ಡಬ್ಬಿಯನ್ನು ಮುಟ್ಟುತ್ತಿತ್ತು.

ಚಳಿಯನ್ನು ಕಾವಲಿಗೆ ಕರೆಯುವ ಉಪಾಯ ಬಿಸಿಲ ನಾಡಿಗೆ ತಡವಾಗಿ ಬಂತು. 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಅಮೆರಿಕದ ಬಾಸ್ಟನ್ ನಗರದಿಂದ ಮಂಜುಗಡ್ಡೆಯನ್ನು ತುಂಬಿಕೊಂಡು, ಸುಮಾರು ನಾಲ್ಕು ತಿಂಗಳು ಕಡಲ ಮೇಲೆ ಸಾಗಿ ಕಲ್ಕತ್ತೆಯನ್ನು ತಲುಪಿತು. ಹೊರಟಾಗ ಹಡಗಿನಲ್ಲಿದ್ದುದು ಸುಮಾರು 180 ಟನ್. ತಲುಪಿದಾಗ ಉಳಿದದ್ದು ಸುಮಾರು 100 ಟನ್. ಮಿಕ್ಕದ್ದು ದಾರಿಯಲ್ಲೇ ನೀರಾಗಿತ್ತು. ಇಂಥ ಮಂಜುಗಡ್ಡೆಯನ್ನು ಕೂಡಿಡಲೆಂದೇ ಮದ್ರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಾಗಿ ಈಗ ಅದು ಅವರ ಹೆಸರನ್ನು ಹೊತ್ತಿದೆ. ಒಂದು ಲೋಟ ತಣ್ಣೀರಿಗಾಗಿ ಭೂಮಿಯ ಆಚೆ ಬದಿಯಿಂದ ಹಡಗು ಬರಬೇಕಾಗಿದ್ದ ಕಾಲ ಅದು. ಇಂದು ಅದೇ ಚಳಿಗಾಲ ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತ ನಿಂತಿದೆ.

ಈ ಯಂತ್ರವು ತಂಪನ್ನು ಹುಟ್ಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಮಾಡುವುದು ಒಳಗಿನ ಶಾಖವನ್ನು ಹೊತ್ತು ಹೊರಗೆ ಸಾಗಿಸುವ ಕೂಲಿಯ ಕೆಲಸ. ಕೊಳವೆಗಳೊಳಗಿನ ದ್ರವವು ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಯಂತ್ರವು ಅದನ್ನು ಒತ್ತಿ ಮತ್ತೆ ದ್ರವವಾಗಿಸುವಾಗ ಆ ಶಾಖ ಹೊರಕ್ಕೆ ಬೀಳುತ್ತದೆ. ಫ್ರಿಜ್ಜಿನ ಹಿಂಭಾಗವೋ ಪಕ್ಕವೋ ಬೆಚ್ಚಗಿರುವುದು ಇದೇ ಕಾರಣದಿಂದ. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಮಡಕೆ ಅಜ್ಜಿಯಾದರೆ ಫ್ರಿಜ್ಜು ಮೊಮ್ಮಗಳು.

ಮೊಮ್ಮಗಳಿಗೂ ಒಂದು ಮಿತಿಯುಂಟು. ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಅವುಗಳ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯಲಾರದೆ ಮಲಗಿರುತ್ತವೆ. ಬೆಚ್ಚಗಾದೊಡನೆ ಮತ್ತೆ ಏಳುತ್ತವೆ. ಹೀಗೆ ಫ್ರಿಜ್ಜು ಕಾಲದಿಂದ ಸ್ವಲ್ಪ ಗಡುವನ್ನು ಕೇಳಿ ಪಡೆಯಬಲ್ಲುದೇ ಹೊರತು ಕಾಲವನ್ನು ತಡೆದು ನಿಲ್ಲಿಸಲಾರದು. ಇದನ್ನು ಮರೆತವರ ಮನೆಯಲ್ಲಿ ತಂಪುಪೆಟ್ಟಿಗೆ ತಂಗಳುಪೆಟ್ಟಿಗೆಯಾಗುತ್ತದೆ.

ಮೈಸೂರಿನ ಒಂದು ಬಡಾವಣೆಯಲ್ಲಿ ಐವರು ವಾಸಿಸುವ ಮನೆಯೊಂದಿದೆ. ತಾಯಿ ಆಸ್ಪತ್ರೆಯೊಂದರಲ್ಲಿ ದಾದಿ. ತಂದೆಗೆ ಮುದ್ರಣಾಲಯದಲ್ಲಿ ಕೆಲಸ. ಮಗಳು ಒಂಬತ್ತನೆಯ ತರಗತಿಯಲ್ಲಿಯೂ ಮಗ ಏಳನೆಯ ತರಗತಿಯಲ್ಲಿಯೂ ಓದುತ್ತಿದ್ದಾರೆ. ಹಳ್ಳಿಯಲ್ಲಿ ತುಂಬಿದ ಮನೆಯ ಅಡುಗೆ ನಡೆಸಿ ಬಂದ ಅಜ್ಜಿಗೆ ಈಗ ಕಣ್ಣು ಮಂಜು, ಮಾತು ಚುರುಕು. ಭಾನುವಾರ ದೇವರಾಜ ಮಾರುಕಟ್ಟೆಯಿಂದ ಎರಡು ಚೀಲ ತರಕಾರಿ ಬರುತ್ತಿತ್ತು. ಬಂದ ಕವರುಗಳು ಹಾಗೆಯೇ ಫ್ರಿಜ್ಜಿನೊಳಗೆ ಸೇರುತ್ತಿದ್ದವು. ವಾರದ ನಡುವೆ ಸಂಜೆ ಏಳು ಗಂಟೆಗೆ ಯಾರಾದರೂ ಬಾಗಿಲು ತೆರೆದರೆ ಪೆಟ್ಟಿಗೆಯ ತುಂಬ ಪದಾರ್ಥ. ಅಡುಗೆಗೆ ಮಾತ್ರ ಏನೂ ಇಲ್ಲ. ಬೀನ್ಸು ಇದ್ದರೆ ನಾರು ತೆಗೆದಿಲ್ಲ, ಸೊಪ್ಪು ಇದ್ದರೆ ಸೋಸಿಲ್ಲ, ಕಾಳು ನೆನೆಸಿಲ್ಲ, ಕಾಯಿ ತುರಿದಿಲ್ಲ. ಹಸಿದ ಮಕ್ಕಳ ಎದುರಿಗೆ ಯುದ್ಧಕಾಲದ ಶಸ್ತ್ರಾಭ್ಯಾಸ ಆರಂಭವಾಗುತ್ತಿತ್ತು. ಕೆಲಸದಲ್ಲಿರುವ ತಾಯಿಗೆ ಮನೆಯಿಂದ ಫೋನು ಹೋಗುತ್ತಿತ್ತು: ಹುಣಸೆಹಣ್ಣಿನ ಡಬ್ಬಿ ಎಲ್ಲಿ, ದೋಸೆ ಹಿಟ್ಟು ಇಂದಿನದೋ ಹಿಂದಿನದೋ, ಹಸಿರು ಮುಚ್ಚಳದ ಡಬ್ಬಿಯಲ್ಲಿರುವುದೇನು. ಕೊನೆಗೆ ಹೊರಗಿನಿಂದ ಕರಿದ ತಿಂಡಿಯೋ ನೂಡಲ್ಸೋ ಬರುತ್ತಿತ್ತು. ಶನಿವಾರ ಕೊಳೆತ ಸೊಪ್ಪು ಕಸದ ಬುಟ್ಟಿಗೆ ಹೋಗುತ್ತಿತ್ತು. ಭಾನುವಾರ ಮತ್ತೆ ಎರಡು ಚೀಲ.

ಒಂದು ದಿನ ಅಜ್ಜಿ ಸೊಸೆಯನ್ನು ಕೇಳಿದರು: “ಏನಮ್ಮಾ, ಇದರೊಳಗೆ ಏನೇನಿದೆ ಅಂತ ನಿನ್ನನ್ನು ಬಿಟ್ಟು ಈ ಮನೆಯಲ್ಲಿ ಇನ್ಯಾರಿಗೆ ಗೊತ್ತು?”

“ನನಗೂ ಪೂರ್ತಿ ಗೊತ್ತಿಲ್ಲ ಅತ್ತೆ” ಎಂದು ಸೊಸೆ ನಕ್ಕಳು.

ಅಜ್ಜಿ ನಗಲಿಲ್ಲ. “ನಮ್ಮ ನಾಗಂದಿಗೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಯಾರು ಬೇಕಾದರೂ ಕೈಯಿಡಬಹುದಿತ್ತು. ಇದಕ್ಕೆ ಬಾಗಿಲು ಅಂತ ಒಂದು ಬಂತು ನೋಡು, ಒಳಗಿದ್ದದ್ದೆಲ್ಲ ನಿನ್ನೊಬ್ಬಳ ತಲೆಯೊಳಗೆ ಹೋಗಿ ಕೂತುಬಿಟ್ಟಿತು” ಎಂದರು.

ಆ ಮಾತು ಮಗನಿಗೂ ಮೊಮ್ಮಕ್ಕಳಿಗೂ ನಾಟಿತು. ಅಡುಗೆಯ ದಣಿವು ಕಣ್ಣಿಗೆ ಕಾಣುತ್ತದೆ. ಏನಿದೆ, ಏನಿಲ್ಲ, ಯಾವುದು ನಾಳೆ ಕೆಡುತ್ತದೆ ಎಂದು ಸದಾ ನೆನೆದುಕೊಂಡಿರಬೇಕಾದ ದಣಿವು ಕಾಣುವುದಿಲ್ಲ. ಮುಂದಿನ ಭಾನುವಾರ ಐವರೂ ಸೇರಿ ಪೆಟ್ಟಿಗೆಯನ್ನು ಬರಿದು ಮಾಡಿದರು. ಅರ್ಧ ಬಳಸಿದ ಕೊತ್ತಂಬರಿ ಕಟ್ಟುಗಳು ಮೂರು ಸಿಕ್ಕಿದವು. ಒಂದಿರುವುದು ತಿಳಿಯದೆ ಇನ್ನೊಂದನ್ನು ಕೊಂಡದ್ದರ ಫಲ. ಬೂಷ್ಟು ಹಿಡಿದ ಗೊಜ್ಜಿನ ಬಟ್ಟಲೊಂದು ಹಿಂದಿನ ಮೂಲೆಯಲ್ಲಿ ತಪಸ್ಸು ಮಾಡುತ್ತಿತ್ತು. ಕೊಳೆ ಒರೆಸಿದ ಮೇಲೆ, ಯಾವ ಪದಾರ್ಥ ಎಲ್ಲಿರಬೇಕು ಎಂಬ ವಿಚಾರ ಬಂತು. ಅದಕ್ಕೆ ಉತ್ತರ ಆ ಪೆಟ್ಟಿಗೆಯ ಸ್ವಭಾವದಲ್ಲಿಯೇ ಇತ್ತು.

ಫ್ರಿಜ್ಜಿನೊಳಗೆ ಎಲ್ಲ ಕಡೆಯೂ ಒಂದೇ ತಂಪು ಇರುವುದಿಲ್ಲ. ಬಾಗಿಲು ಪದೇ ಪದೇ ತೆರೆಯುವುದರಿಂದ ಅಲ್ಲಿ ತಂಪು ಕಡಿಮೆ. ಹಾಲು ಬಾಗಿಲಿನಿಂದ ಒಳಗಿನ ಅಂಕಣಕ್ಕೆ ಹೋಯಿತು. ಅದರ ಜಾಗಕ್ಕೆ ಉಪ್ಪಿನಕಾಯಿ, ಹುಣಸೆಯ ರಸ, ಜಾಮುಗಳಂತಹ ಬೇಗ ಕೆಡದ ಪದಾರ್ಥಗಳು ಬಂದವು. ಬೇಯಿಸಿದ ಅಡುಗೆಗೆ ಮೇಲಿನ ಅಂಕಣ ಸಂದಿತು. ಹಸಿ ಮೀನು, ಮಾಂಸ ತರುವ ಮನೆಗಳಲ್ಲಿ ಅದನ್ನು ಮುಚ್ಚಿದ ಪಾತ್ರೆಯಲ್ಲಿ ಎಲ್ಲಕ್ಕಿಂತ ಕೆಳಗಿಡಬೇಕು. ಅದರ ರಸ ತೊಟ್ಟಿಕ್ಕಿ, ಮತ್ತೆ ಕುದಿಸದೆ ತಿನ್ನುವ ಪದಾರ್ಥದ ಮೇಲೆ ಬಿದ್ದರೆ ರೋಗಕ್ಕೆ ದಾರಿಯಾದೀತು.

ತರಕಾರಿಗಳಲ್ಲಿಯೂ ಜಗಳಗಂಟರುಂಟು. ಮಾಗಿದ ಸೇಬು, ಮಾವು, ಪರಂಗಿ, ಬಾಳೆ ಇವು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಅದರ ಸಂಗದಿಂದ ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ. ಹೀಗಾಗಿ ಹಣ್ಣಿಗೂ ಸೊಪ್ಪಿಗೂ ಬೇರೆ ಬೇರೆ ಬುಟ್ಟಿಗಳಾದವು. ಬಾಳೆಹಣ್ಣಿಗೆ ಫ್ರಿಜ್ಜಿನ ಚಳಿಯೇ ಒಗ್ಗದು, ಸಿಪ್ಪೆ ಕಪ್ಪಾಗುತ್ತದೆ. ಆಲೂಗೆಡ್ಡೆಯನ್ನು ಅಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗತೊಡಗಿ ರುಚಿ ಕೆಡುತ್ತದೆ. ಆಲೂಗೆಡ್ಡೆಯೂ ಈರುಳ್ಳಿಯೂ ಹೊರಗಿನ ಗಾಳಿಯಾಡುವ ಬುಟ್ಟಿಗಳಿಗೆ ಹೋದವು. ಒಟ್ಟಿಗಿದ್ದರೆ ಎರಡೂ ಬೇಗ ಕೆಡುವುದರಿಂದ ಅವಕ್ಕೂ ಬುಟ್ಟಿಗಳು ಬೇರೆ. ಅರ್ಧ ಪೆಟ್ಟಿಗೆ ಖಾಲಿಯಾದದ್ದನ್ನು ಕಂಡು ತಂದೆಗೆ ಆಶ್ಚರ್ಯ. ಆ ಖಾಲಿ ಜಾಗವೂ ಬೇಕಾದದ್ದೇ. ತಂಪಾದ ಗಾಳಿ ಸುಳಿದಾಡಲು ಎಡೆಯಿಲ್ಲದಂತೆ ತುಂಬಿದ ಫ್ರಿಜ್ಜು ತನ್ನ ಕೆಲಸವನ್ನು ಮಾಡಲಾರದು.

ಅನಂತರ ಕೆಲಸಗಳ ಹಂಚಿಕೆಯಾಯಿತು. ಅಜ್ಜಿ ಸೊಪ್ಪು ಸೋಸಿದರು. ಕಣ್ಣು ಮಂಜಾದರೂ ಬೆರಳಿಗೆ ದಂಟು ಯಾವುದು, ಎಲೆ ಯಾವುದು ಎಂಬುದು ಚೆನ್ನಾಗಿ ಗೊತ್ತು. ಕೊತ್ತಂಬರಿಯ ಬೇರು ಕತ್ತರಿಸಿ, ನೀರಿಲ್ಲದಂತೆ ಆರಿಸಿ, ತೆಳುಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ಹಸಿಮೆಣಸಿನಕಾಯಿಯ ತೊಟ್ಟು ಮುರಿದರು. ತೊಟ್ಟಿನ ಬುಡದಿಂದಲೇ ಅದು ಮೊದಲು ಕೊಳೆಯುವುದು. ತಂದೆ ಬೀನ್ಸು, ಕ್ಯಾರೆಟ್‌ಗಳನ್ನು ಹೆಚ್ಚಿ ಎರಡು ದಿನಕ್ಕಾಗುವಷ್ಟನ್ನು ಮಾತ್ರ ಡಬ್ಬಿಗೆ ತುಂಬಿದರು. ಹೆಚ್ಚಿದ ತರಕಾರಿ ಇಡೀ ತರಕಾರಿಗಿಂತ ಬೇಗ ಸೊರಗುತ್ತದೆ. ಮಗ ಹೆಸರುಕಾಳು ತೊಳೆದು ನೆನೆಹಾಕಿದನು; ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವ ಹೊಣೆಯೂ ಅವನದೇ. ಮಗಳು ಕಾಗದದ ಚೂರುಗಳ ಮೇಲೆ ಪದಾರ್ಥದ ಹೆಸರನ್ನೂ ತಾರೀಖನ್ನೂ ಬರೆದು ಡಬ್ಬಿಗಳಿಗೆ ಅಂಟಿಸಿದಳು. ಬೇಗ ಕೆಡುವ ಪದಾರ್ಥ ಮುಂದೆ, ತಡವಾಗಿ ಕೆಡುವುದು ಹಿಂದೆ. ಮೊದಲು ಬಂದದ್ದು ಮೊದಲು ಹೋಗಬೇಕು. ಅಡುಗೆ ಮಾಡಿ ಮೂರು ದಿನ ಮೀರಿದ್ದು ಯಾವುದೂ ಒಳಗಿರಕೂಡದು. ಮನೆಯವರು ಮಾಡಿಕೊಂಡ ಕಟ್ಟಳೆಗಳು ಇವಿಷ್ಟೇ.

ಫ್ರೀಜರು ಅದುವರೆಗೆ ಮಂಜುಗಡ್ಡೆಗೂ ಐಸ್‌ಕ್ರೀಮಿಗೂ ಮೀಸಲಾಗಿತ್ತು. ಈಗ ಅದು ಮನೆಯ ಕಣಜವಾಯಿತು. ಕಾಯಿತುರಿಯನ್ನು ಒಂದು ಹೊತ್ತಿನ ಅಡುಗೆಗೆ ಬೇಕಾಗುವಷ್ಟೇ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಇಟ್ಟರು. ಡಿಸೆಂಬರು, ಜನವರಿಗಳಲ್ಲಿ ಸೊಗಡಿನ ಅವರೆ ಅಗ್ಗವಾದಾಗ ಮನೆಮಂದಿಯೆಲ್ಲ ಕುಳಿತು ಹಿತಕಿದ ಬೇಳೆ ಅಲ್ಲಿ ಸೇರಿತು. ಪೊಟ್ಟಣಗಳನ್ನು ದಪ್ಪನಾಗಿ ಕಟ್ಟದೆ ಹಪ್ಪಳದಂತೆ ತೆಳುವಾಗಿ ಹರಡಿ ಇಟ್ಟದ್ದಕ್ಕೂ ಕಾರಣವಿತ್ತು. ನಿಧಾನವಾಗಿ ಹೆಪ್ಪುಗಟ್ಟುವಾಗ ದೊಡ್ಡ ಹಿಮದ ಹರಳುಗಳು ಮೂಡಿ ಪದಾರ್ಥದ ಕಣಗಳನ್ನು ಸೀಳಿಬಿಡುತ್ತವೆ; ಬೇಗನೆ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿದ್ದು ರುಚಿಯೂ ಆಕಾರವೂ ಉಳಿಯುತ್ತವೆ. ಕೆನಡಾದ ಲ್ಯಾಬ್ರಡಾರ್ ಪ್ರದೇಶದ ಕೊರೆಯುವ ಚಳಿಯಲ್ಲಿ ಅಲ್ಲಿನ ಇನುಯಿಟ್ ಜನರು ಹಿಡಿದ ಮೀನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದಾಗಲೂ ಅದು ತಾಜಾ ಮೀನಿನಂತಿರುವುದನ್ನೂ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು ಕಂಡನು. ಆ ಪಾಠವನ್ನೇ 1920ರ ದಶಕದಲ್ಲಿ ಅವನು ಉದ್ಯಮವಾಗಿ ಬೆಳೆಸಿದನು. ಹಿಮದ ನಾಡಿನವರ ಅನುಭವ ಮೈಸೂರಿನ ಅವರೆಬೇಳೆಗೂ ಉಪಯೋಗಕ್ಕೆ ಬಂತು.

ಇಷ್ಟರಿಂದ ಆರೋಗ್ಯ ಬಂದೀತೆ ಎಂದು ಕೇಳಬಹುದು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಅಲ್ಲಗಳೆಯುವವರಾರೂ ಇಲ್ಲ. ಕಷ್ಟವಿರುವುದು ಸಂಜೆ ಏಳು ಗಂಟೆಯಲ್ಲಿ. ದಣಿದ ಮನುಷ್ಯನು ಒಳ್ಳೆಯದನ್ನು ಹುಡುಕುವುದಿಲ್ಲ, ಹತ್ತಿರವಿದ್ದುದನ್ನು ಎತ್ತಿಕೊಳ್ಳುತ್ತಾನೆ. ಸೌತೆಕಾಯಿ, ಮೊಳಕೆ ಕಾಳು, ಸೋಸಿದ ಸೊಪ್ಪು ಕಣ್ಣಿನ ಮಟ್ಟದಲ್ಲಿದ್ದರೆ ಕೈ ಅವುಗಳ ಕಡೆಗೆ ಹೋಗುತ್ತದೆ. ಒಳ್ಳೆಯದನ್ನು ಸುಲಭವಾಗಿಸಿದವನು ತನ್ನ ಮನಸ್ಸಿನೊಡನೆ ದಿನವೂ ಹೋರಾಡಬೇಕಾಗಿಲ್ಲ.

ಹೊಸ ಏರ್ಪಾಡಾದ ಮೂರನೆಯ ವಾರ, ಒಂದು ಗುರುವಾರ, ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಾಗಿ ತಾಯಿ ತಡವಾಗಿ ಬರುವಂತಾಯಿತು. ಮಗ ಬಾಗಿಲು ತೆರೆದು ಚೀಟಿಗಳನ್ನು ಓದಿದನು. ಮಂಗಳವಾರ ಬೇಯಿಸಿಟ್ಟ ತೊಗರಿಬೇಳೆ ಇತ್ತು, ದಂಟಿನ ಸೊಪ್ಪು ಇತ್ತು, ಹೆಸರುಕಾಳು ಮೊಳಕೆಯೊಡೆದಿತ್ತು, ಕಾಯಿತುರಿಯ ಪೊಟ್ಟಣ ಇತ್ತು. ಅಪ್ಪ ಅನ್ನಕ್ಕಿಟ್ಟರು. ಅಕ್ಕ ಬೇಳೆಗೆ ಸೊಪ್ಪು ಸೇರಿಸಿ, ಚೆನ್ನಾಗಿ ಕುದಿಸಿ, ಒಗ್ಗರಣೆ ಹಾಕಿದಳು. ತಮ್ಮ ಕಾಳಿನ ಪಲ್ಯ ಮಾಡಿದನು; ಉಪ್ಪು ಒಂದು ಕೈ ಹೆಚ್ಚಾಯಿತು. ಮುಕ್ಕಾಲು ಗಂಟೆಯಲ್ಲಿ ಊಟ ಸಿದ್ಧವಾಯಿತು. ಒಂಬತ್ತು ಗಂಟೆಗೆ ಬಂದ ತಾಯಿ ಕೈಕಾಲು ತೊಳೆದು ಅಡುಗೆಮನೆಗೆ ಹೊರಟಾಗ ಅಜ್ಜಿ, “ಕೂತುಕೋ ಅಮ್ಮಾ, ಬಡಿಸುತ್ತಾರೆ” ಎಂದರು. ಅಂದು ಸಂಜೆ ಆಕೆಗೆ ಮನೆಯಿಂದ ಒಂದೂ ಫೋನು ಬಂದಿರಲಿಲ್ಲ. ತಾನು ಯೋಚಿಸದೆಯೂ ಮನೆಯಲ್ಲಿ ಒಲೆ ಉರಿಯಿತು ಎಂಬ ವಿಷಯವೇ ಆಕೆಗೆ ಹೊಸದು. ಉಪ್ಪಾದ ಪಲ್ಯಕ್ಕೆ ಮೊಸರು ಬೆರೆಸಿಕೊಂಡು ಎರಡನೆಯ ಸಲ ಬಡಿಸಿಕೊಂಡಳು.

ಇದರಲ್ಲಿ ಎಚ್ಚರಿಕೆಯ ಮಾತುಗಳೂ ಕೆಲವಿವೆ. ಹಬೆಯಾಡುವ ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗೆ ನೂಕಬಾರದು. ಹಾಗೆಂದು ರಾತ್ರಿಯೆಲ್ಲ ಹೊರಗೂ ಬಿಡಬಾರದು. ಅಗಲವಾದ ಪಾತ್ರೆಗಳಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಬೇಕು. ಅನ್ನದ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. ಕುದಿಸಿದರೂ ಸಾಯದ ಕೆಲವು ಸೂಕ್ಷ್ಮಜೀವಿಗಳ ಬೀಜಾಣುಗಳು ಅನ್ನ ಬೆಚ್ಚಗೆ ಉಳಿದಷ್ಟೂ ಮೊಳೆತು ವಿಷವನ್ನುಂಟುಮಾಡುತ್ತವೆ. ವಿದ್ಯುತ್ತು ಹೋದಾಗ ಬಾಗಿಲನ್ನು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುತೂಹಲದಿಂದ ಇಣುಕಿ ನೋಡುವವರೇ ಅದಕ್ಕೆ ಶತ್ರುಗಳು.

ಒಂದು ಮನೆಯ ಕೊಳೆತ ಸೊಪ್ಪು ಸಣ್ಣ ಸಂಗತಿಯೆಂದು ತೋರಬಹುದು. 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದೂ ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಿಂದಲೇ ಹೋಯಿತೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜು ಮಾಡಿದೆ. ಹೋಟೆಲುಗಳೂ ಮದುವೆಮನೆಗಳೂ ಅನ್ನ ಚೆಲ್ಲುತ್ತವೆ ಎಂದು ಬೆರಳು ತೋರುವುದು ಸುಲಭ. ಹನಿಗೂಡಿ ಹಳ್ಳವಾಗುವುದು ಮನೆಮನೆಯ ಹಿಂದಿನ ಅಂಕಣಗಳಿಂದ.

ಫ್ರಿಜ್ಜು ಎಲ್ಲರ ಮನೆಯಲ್ಲಿಯೂ ಇಲ್ಲ. ಇಲ್ಲದವರು ಕೊರಗಬೇಕಾದದ್ದೂ ಇಲ್ಲ. ಗುಜರಾತಿನ ವಾಂಕಾನೇರಿನ ಕುಂಬಾರರಾದ ಮನ್‌ಸುಖಭಾಯಿ ಪ್ರಜಾಪತಿಯವರು ಜೇಡಿಮಣ್ಣಿನಿಂದಲೇ ತಂಪುಪೆಟ್ಟಿಗೆಯನ್ನು ಮಾಡಿ ತೋರಿಸಿದರು. ನೀರಿನ ಆವಿಯಿಂದ ತಂಪಾಗುವ ಅದಕ್ಕೆ ವಿದ್ಯುತ್ತು ಬೇಡ. ಒದ್ದೆ ಬಟ್ಟೆ ಹೊದಿಸಿದ ಮಡಕೆಯಲ್ಲಿಟ್ಟ ತರಕಾರಿಯೂ ಹೊರಗಿಟ್ಟದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಯಂತ್ರಕ್ಕೆ ಹಣ ಬೇಕು. ಕ್ರಮಕ್ಕೆ ಒಂದು ಭಾನುವಾರದ ಎರಡು ಗಂಟೆ ಸಾಕು.

ಅಡುಗೆಮನೆಯು ಒಬ್ಬರ ನೆನಪಿನ ಮೇಲೆ ನಡೆಯುವಾಗ ಮಿಕ್ಕವರೆಲ್ಲ ಆ ಮನೆಯಲ್ಲಿ ಅತಿಥಿಗಳಾಗಿರುತ್ತಾರೆ. ಎಲ್ಲಿ ಏನಿದೆ ಎಂಬುದು ಎಲ್ಲರಿಗೂ ಕಾಣುವಂತಾದಾಗ ಅತಿಥಿಗಳು ಮನೆಯವರಾಗುತ್ತಾರೆ. ಹುಡುಗನೂ ಹುಡುಗಿಯೂ ಅಪ್ಪನೂ ಒಲೆಯ ಮುಂದೆ ನಿಲ್ಲಬಲ್ಲವರಾಗುತ್ತಾರೆ. ಡಬ್ಬಿಯ ಮೇಲೆ ಅಂಟಿಸಿದ ಒಂದು ಚೂರು ಕಾಗದ, ಬರೆದವರ ಅಕ್ಷರದಲ್ಲಿ, ‘ಇಷ್ಟನ್ನು ನೀನು ನೆನಪಿಡಬೇಕಾಗಿಲ್ಲ’ ಎಂದು ಇನ್ನೊಬ್ಬರಿಗೆ ಹೇಳುತ್ತದೆ. ಮನೆಯವರ ನಡುವೆ ಪ್ರೀತಿಯು ಬಹುಮಟ್ಟಿಗೆ ಇಂಥ ಸಣ್ಣ ಚೀಟಿಗಳಲ್ಲಿಯೇ ವ್ಯವಹರಿಸುತ್ತದೆ.